ಪ್ರಕಟನೆ 13ನೇ ಅಧ್ಯಾಯವನ್ನು ಹೇಗೆ ಬೋಧಿಸಲಿ? ನಮ್ಮ ಸಭೆಯ ಅಜ್ಜಿಯೊಬ್ಬರು ರೇಷನ್ ಬಿಟ್ಟಿದ್ದಾರೆ

ಶಿಂಷಾ ದಂಡೆ, ಮದ್ದೂರು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಾನು ಮದ್ದೂರು ಹತ್ತಿರದ ಒಂದು ಹಳ್ಳಿ ಸಭೆಯವನು. ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಅಯ್ಯನವರಿಗೆ ನಾಲ್ಕು ಸಭೆ ನೋಡಿಕೊಳ್ಳಬೇಕು. ಹಾಗಾಗಿ ತಿಂಗಳಲ್ಲಿ ಎರಡು ಭಾನುವಾರ ಪ್ರಸಂಗ ನನ್ನ ಪಾಲಿಗೆ ಬರುತ್ತದೆ. ದೇವಶಾಸ್ತ್ರದ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಸಂಡೇ ಸ್ಕೂಲಿನಲ್ಲಿ ಕಲಿತದ್ದು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓದಿಕೊಂಡದ್ದು, ಇಷ್ಟೇ ಬಂಡವಾಳ.

ಇಷ್ಟು ವರ್ಷ ಸುವಾರ್ತೆಗಳು, ಕೀರ್ತನೆಗಳು, ಯಾಕೋಬನ ಪತ್ರ ಹೇಳಿಕೊಂಡು ಬಂದೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಮುಟ್ಟಿರಲಿಲ್ಲ. ಭಯ ಇತ್ತು, ಅದೇ ಕಾರಣ. ಈಗ ಮುಟ್ಟಲೇಬೇಕಾಗಿದೆ.

ಎರಡು ತಿಂಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಕಾಟೇಜ್ ಪ್ರೇಯರ್ ಇತ್ತು. ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಮೊಬೈಲನ್ನು ಗೋಡೆಗೆ ಒರಗಿಸಿ ವಿಡಿಯೋ ತೋರಿಸಿದರು. ಬಾರ್‌ಕೋಡು, ಚಿಪ್ಪು, 666, ಆಮೇಲೆ ಆಧಾರ್. ಬಲಗೈ ಮೇಲೋ ಹಣೆ ಮೇಲೋ ಮೃಗದ ಗುರುತು ಇಲ್ಲದವರು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ ಎಂಬ ವಾಕ್ಯವನ್ನು ಮೂರು ಸಲ ಓದಿದರು. ಗುರುತು ಹಾಕಿಸಿಕೊಂಡವರಿಗೆ ಬೆಂಕಿ ಗಂಧಕ ಎಂಬುದನ್ನೂ ಓದಿದರು. ಅಲ್ಲಿಗೆ ಪ್ರಾರ್ಥನೆ ಮಾಡಿ, ಟೀ ಕುಡಿದು ಹೊರಟುಬಿಟ್ಟರು.

ಆ ಮನೆಯ ಮೂಲೆಯಲ್ಲಿ ನಮ್ಮ ಸಭೆಯ ಒಬ್ಬ ಅಜ್ಜಿ ಕೂತಿದ್ದರು. ಎಪ್ಪತ್ತು ದಾಟಿದೆ. ಒಂಟಿ ಜೀವ. ಕಾರ್ಡಿನಲ್ಲಿ ಅವರದೊಂದೇ ಹೆಸರು. ಆ ತಿಂಗಳು ಅವರು ರೇಷನ್ ತರಲು ಹೋಗಲಿಲ್ಲ. ಮುಂದಿನ ತಿಂಗಳೂ ಹೋಗಲಿಲ್ಲ. ಪಕ್ಕದ ಮನೆಯವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಹೋಗಿ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮಗಾ, ನಾ ಹೆಬ್ಬೆಟ್ಟು ಒತ್ತಾಕಿಲ್ಲ ಕಣಪ್ಪ. ಬಲಗೈ ಅಂತ ಬರ್ದದೆ. ಓದ ಸಲ ಮೂರು ಕಿತ ಒತ್ತುದ್ರೂ ಆ ಮಿಸನ್ನು ನನ್ ಬೆರಳು ತಕಳ್ನಿಲ್ಲ. ದೇವ್ರೇ ಬ್ಯಾಡ ಅಂದವ್ನೆ."

ಆಮೇಲೆ ಹೆಬ್ಬೆರಳು ತೋರಿಸಿದರು. ನಾನು ಹಿಡಿದು ನೋಡಿದೆ. ಗೆರೆಯೇ ಇಲ್ಲ. ಕಬ್ಬು ಸವರಿ, ಕಳೆ ಕಿತ್ತು, ಪಾತ್ರೆ ಉಜ್ಜಿ ಉಜ್ಜಿ ನದಿಯ ಕಲ್ಲಿನ ಹಾಗೆ ನುಣ್ಣಗಾಗಿದೆ. ಮಿಷನ್ನಿಗೆ ಸಿಕ್ಕದೇ ಇದ್ದದ್ದು ಅದಕ್ಕೇ. ಆದರೆ ಅವರ ಕಣ್ಣಲ್ಲಿ ಅದು ದೇವರ ಉತ್ತರ. ಹಿಟ್ಟಿನ ಡಬ್ಬಿ ನೋಡಿದೆ. ತಳದಲ್ಲಿ ಎರಡು ಹಿಡಿ ರಾಗಿ ಹಿಟ್ಟು.

ಅಕ್ಕಿ, ರಾಗಿ ನಾವು ತಲುಪಿಸಿದೆವು. ಅದು ದೊಡ್ಡ ಮಾತಲ್ಲ. "ಅದೆಲ್ಲ ಸುಳ್ಳು ಅಜ್ಜಿ, ಹೋಗಿ ಒತ್ತಿ" ಎಂದು ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಆ ವಾಕ್ಯ ಸತ್ಯವೇದದಲ್ಲೇ ಇದೆ ಅಲ್ವಾ? ಅವರು ಮುಂದೆ, "ಹಂಗಾರೆ ಅದ್ರ ಅರ್ತ ಏನಪ್ಪ?" ಎಂದು ಕೇಳಿದರೆ ಏನು ಹೇಳಲಿ? ಮುಂದಿನ ತಿಂಗಳ ಎರಡು ಭಾನುವಾರಗಳನ್ನು ಇದಕ್ಕೇ ಇಡುತ್ತೇನೆ ಎಂದು ಅಯ್ಯನವರಿಗೆ ಹೇಳಿದ್ದೇನೆ. ಒಪ್ಪಿದ್ದಾರೆ.

ಹೆದರಿಸಬಾರದು. ಹಾಗೆಂದು ವಾಕ್ಯವನ್ನು ನೀರು ಮಾಡಲೂಬಾರದು. ಎಲ್ಲಿಂದ ಶುರು ಮಾಡಲಿ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು, ಮೈಸೂರು

ತಮ್ಮಾ, ಆ ಅಜ್ಜಿಯ ಹಿಟ್ಟಿನ ಡಬ್ಬಿಯನ್ನು ನೀವು ಎತ್ತಿ ನೋಡಿದಿರಲ್ಲ, ನಿಮ್ಮ ಪ್ರಸಂಗ ಅಲ್ಲೇ ಶುರುವಾಗಿದೆ.

ಭಯ ಇತ್ತು ಎಂದಿರಿ. ಪ್ರೊಟೆಸ್ಟಂಟ್ ಸುಧಾರಕ ಲೂಥರ್ 1522ರಲ್ಲಿ ತನ್ನ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಈ ಪುಸ್ತಕದ ಬಗ್ಗೆ ತನಗೆ ಮನಸ್ಸು ಒಪ್ಪುವುದಿಲ್ಲ ಎಂದೇ ಬರೆದ. 1530ರಲ್ಲಿ ಬೇರೆ ಮುನ್ನುಡಿ ಬರೆದು ಸ್ವಲ್ಪ ಮೆತ್ತಗಾದ. ಹೊಸ ಒಡಂಬಡಿಕೆಯ ಬಹುಪಾಲು ಪುಸ್ತಕಗಳಿಗೆ ವ್ಯಾಖ್ಯಾನ ಬರೆದ ಕಾಲ್ವಿನ್ ಇದಕ್ಕೆ ಬರೆಯಲಿಲ್ಲ. ಹಾಗಾಗಿ ಆ ಭಯಕ್ಕೆ ನಾಚಿಕೆ ಬೇಡ.

ಮೊದಲು ಇದು ಯಾರಿಗೆ ಬಂದ ಕಾಗದ ಎಂಬುದನ್ನು ಸಭೆಗೆ ಹೇಳಿ. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಇಂದಿನ ತುರ್ಕಿ ದೇಶದ ಪಶ್ಚಿಮ ಭಾಗ. ಒಬ್ಬ ಮನುಷ್ಯ ಕಾಗದ ಹಿಡಿದು ನಡೆದರೆ ಊರುಗಳು ಇದೇ ಸಾಲಿನಲ್ಲಿ ಸಿಗುತ್ತವೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂದು ನಮ್ಮ ಬಸ್ಸಿನ ಕಂಡಕ್ಟರ್ ಕೂಗುವುದಿಲ್ಲವೇ, ಹಾಗೆ. ಬರೆದ ಯೋಹಾನ ಪತ್ಮೊಸ್ ದ್ವೀಪದಲ್ಲಿದ್ದ. ರೋಮಿನ ದೊಮಿತಿಯಾನ ಚಕ್ರವರ್ತಿಯ ಆಳ್ವಿಕೆಯ ಕೊನೆಯಲ್ಲಿ, ಅಂದರೆ ಸುಮಾರು ಕ್ರಿ.ಶ. 95ರಲ್ಲಿ ಎಂದು ಎರಡನೇ ಶತಮಾನದ ಸಭಾಪಿತೃ ಐರೇನಿಯಸ್ ಹೇಳಿದ್ದನ್ನು ಹೆಚ್ಚಿನವರು ಒಪ್ಪುತ್ತಾರೆ.

ಆ ಊರುಗಳಲ್ಲಿ ಚಕ್ರವರ್ತಿಗೆ ಗುಡಿಗಳಿದ್ದವು. ಪೆರ್ಗಮದಲ್ಲಿ ಕ್ರಿ.ಪೂ. 29ರಿಂದಲೇ ಇತ್ತು. ಜೇಬಿನ ನಾಣ್ಯದ ಮೇಲೂ ಅವನದೇ ಮುಖ. ದೊಮಿತಿಯಾನ ತನ್ನ ಸತ್ತ ಮಗುವನ್ನು ದೇವರೆಂದು ಸಾರಿ, ಆ ಮಗು ಭೂಗೋಳದ ಮೇಲೆ ಕೂತು ಸುತ್ತ ಏಳು ನಕ್ಷತ್ರ ಹೊಳೆಯುವ ನಾಣ್ಯ ಹೊಡೆಸಿದ್ದ. ಈಗ ಪ್ರಕಟನೆ 1:16 ತೆಗೆಯಿರಿ. ಏಳು ನಕ್ಷತ್ರಗಳು ಯಾರ ಕೈಯಲ್ಲಿವೆ? ನಾಣ್ಯ ಹಿಡಿದು ಸಂತೆಗೆ ಹೋಗುತ್ತಿದ್ದ ಬಡವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುತು ಎಂಬಲ್ಲಿ ಗ್ರೀಕ್ ಮೂಲದ ಮಾತು ‘ಖಾರಾಗ್ಮ’. ಅಚ್ಚು, ಠಸ್ಸೆ ಎಂದರ್ಥ. ನಾಣ್ಯದ ಮೇಲಿನ ಅಚ್ಚಿಗೂ ಇದೇ ಮಾತು. ಹಾಗಾದರೆ ಅಲ್ಲಿನ ಪ್ರಶ್ನೆ ಯಾವ ಯಂತ್ರ ಎಂಬುದಲ್ಲ, ಯಾರಿಗೆ ಅಡ್ಡಬೀಳುತ್ತೀಯ ಎಂಬುದು. ಸುಮಾರು 112ರಲ್ಲಿ ಪ್ಲಿನಿ ಎಂಬ ಅಧಿಕಾರಿ ಚಕ್ರವರ್ತಿ ಟ್ರೇಜನನಿಗೆ ಬರೆದ ಕಾಗದ ಉಳಿದಿದೆ. ಕ್ರೈಸ್ತರೆಂದು ದೂರು ಬಂದವರ ಮುಂದೆ ಅವನು ಚಕ್ರವರ್ತಿಯ ವಿಗ್ರಹ ಇಡಿಸುತ್ತಿದ್ದ. ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದವರನ್ನು ಬಿಟ್ಟುಬಿಡುತ್ತಿದ್ದ. ಒಪ್ಪದವರನ್ನು ಕೊಲ್ಲಿಸುತ್ತಿದ್ದ. ಅಜ್ಜಿಗೆ ಇಷ್ಟು ಕೇಳಿ: "ರೇಷನ್ ಅಂಗಡಿಯವನು ಯಾವತ್ತಾದರೂ ಯೇಸುವನ್ನು ಬಿಡು ಅಂದನಾ?"

ಮೃಗದ ಸಂಖ್ಯೆ 666 ಎಂದರೇನು ಎಂದು ಕೇಳಿಯೇ ಕೇಳುತ್ತಾರೆ. ಹೀಬ್ರೂ ಭಾಷೆಯಲ್ಲಿ ಅಕ್ಷರವೇ ಅಂಕಿ. ಇದು ನಮಗೆ ಹೊಸದಲ್ಲ. ಮೈಸೂರಿನಲ್ಲಿ ಸಂಗೀತದ ಪಾಠಕ್ಕೆ ಕೂತ ಮಗು ಮೊದಲು ಹಾಡುವುದೇ ಮಾಯಾಮಾಳವಗೌಳ ರಾಗ. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಮಾ ಎಂದರೆ 5, ಯಾ ಎಂದರೆ 1, ತಿರುಗಿಸಿದರೆ 15. ಅದು ಹದಿನೈದನೇ ಮೇಳಕರ್ತ ರಾಗ. ಹಾಗೆಯೇ ‘ನೆರೋನ್ ಕೈಸರ್’ ಎಂದು ಹೀಬ್ರೂವಿನಲ್ಲಿ ಬರೆದು ಕೂಡಿ: 50, 200, 6, 50, ಆಮೇಲೆ 100, 60, 200. ಒಟ್ಟು 666. ಕೆಲವು ಹಳೆಯ ಪ್ರತಿಗಳಲ್ಲಿ 616 ಇದೆ. ‘ನೆರೋನ್’ ಎಂಬುದರ ಕೊನೆಯ ನಕಾರ ಬಿಟ್ಟು ಬರೆದರೆ 50 ಕಡಿಮೆಯಾಗಿ ಸರಿಯಾಗಿ 616 ಬರುತ್ತದೆ. ಎರಡಕ್ಕೂ ಹೊಂದುವುದರಿಂದಲೇ ಬಹಳ ಮಂದಿ ವಿದ್ವಾಂಸರು ಈ ಅರ್ಥವನ್ನು ಹಿಡಿಯುತ್ತಾರೆ. ನೆರೋನ್ ಎಂದರೆ ಕ್ರೈಸ್ತರನ್ನು ಕೊಂದ ರೋಮಿನ ಚಕ್ರವರ್ತಿ ನೀರೋ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಸತ್ಯವೇದಕ್ಕೆ ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಯೋಹಾನ 13:18ಕ್ಕೆ ನಿಲ್ಲಲಿಲ್ಲ. ಆ ಬೋಧಕರು ಅಲ್ಲಿಂದ ನೇರ ಬೆಂಕಿ ಗಂಧಕದ ವಾಕ್ಯಕ್ಕೆ ಹಾರಿದರು, ಅಲ್ವಾ? ನೀವು ಅದೇ ಉಸಿರಿನಲ್ಲಿ 14:1 ಓದಿ. ಚೀಯೋನ್ ಬೆಟ್ಟದ ಮೇಲೆ ಕುರಿಮರಿ, ಅಂದರೆ ಕ್ರಿಸ್ತ, ನಿಂತಿದೆ. ಜೊತೆಗಿರುವವರ ಹಣೆಯ ಮೇಲೆ ಆತನ ಹೆಸರೂ ಆತನ ತಂದೆಯ ಹೆಸರೂ ಬರೆದಿದೆ. ಅದಕ್ಕೂ ಮೊದಲು, 7ನೇ ಅಧ್ಯಾಯದಲ್ಲೇ, ದೇವರ ದಾಸರ ಹಣೆಗೆ ಮುದ್ರೆ ಬಿದ್ದಾಗಿದೆ. ಅಂದರೆ ಮೃಗದ ಗುರುತಿಗಿಂತ ಮೊದಲೇ ದೇವರ ಮುದ್ರೆ. ಸಾಲು ಗಮನಿಸಿ. 7 ಮೊದಲು, 13 ಆಮೇಲೆ, 14 ಕೂಡಲೇ. ನೀವೂ ಅದೇ ಸಾಲಿನಲ್ಲಿ ಬೋಧಿಸಿ.

ಜೊತೆಗೆ ಒಂದು ದಿನ ಬರೀ ಓದಿಸಿ. 22 ಅಧ್ಯಾಯ, ಜೋರಾಗಿ ಓದಿದರೆ ಒಂದೂಕಾಲು ಗಂಟೆ ಹಿಡಿಯಬಹುದು. 1:3ರಲ್ಲಿ ಧನ್ಯರು ಎಂದಿರುವುದು ಓದುವವನಿಗೆ ಮತ್ತು ಕೇಳುವವರಿಗೆ.

ಎರಡನೇ ಬರೋಣ, ಕೆ.ಆರ್. ಪೇಟೆ

ಬ್ರದರ್, ಪ್ರೈಸ್ ದ ಲಾರ್ಡ್. ಮೇಷ್ಟ್ರು ಬಹಳ ಚೆನ್ನಾಗಿ ಬರೆದಿದ್ದಾರೆ. ಆದರೆ ಎಲ್ಲವನ್ನೂ ರೋಮಿಗೇ ಕಟ್ಟಿಹಾಕಿದರೆ ನಮಗೆ ಏನು ಉಳಿಯಿತು? ನಾನು ಪೆಂತೆಕೋಸ್ತು ಸಭೆಯವನು. ಕರ್ತನು ಬರುತ್ತಾನೆ ಎಂದು ನಂಬುತ್ತೇನೆ. ಪುಸ್ತಕದ ಕೊನೆಯಲ್ಲಿ "ಕರ್ತನಾದ ಯೇಸುವೇ, ಬಾ" ಎಂಬ ಮಾತಿದೆ. ಅದನ್ನು ದಯವಿಟ್ಟು ಬಿಡಬೇಡಿ. ನಮ್ಮ ಕೂಲಿಯವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ವಾರವಿಡೀ ಆ ಮಾತು ಹಿಡಿದುಕೊಂಡೇ ಬದುಕುತ್ತಾರೆ.

ಆದರೂ ನಿಮ್ಮ ಅಜ್ಜಿಯ ಸುದ್ದಿ ಓದಿ ನನಗೆ ನಿದ್ದೆ ಬರಲಿಲ್ಲ. ಕಾರಣ ಇದೆ. 1999ರಲ್ಲಿ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಒಂದು ಕೂಟದಲ್ಲಿ ಬೋಧಕರೊಬ್ಬರು ವರ್ಷ ತಿರುಗುವುದರೊಳಗೆ ಎತ್ತಲ್ಪಡುವಿಕೆ, ಅಂದರೆ ಕರ್ತನು ಬಂದು ವಿಶ್ವಾಸಿಗಳನ್ನು ಮೇಲಕ್ಕೆ ಎತ್ತಿಕೊಳ್ಳುವುದು, ಆಗುತ್ತದೆ ಎಂದರು. ನಾನು ಪರೀಕ್ಷೆಯ ಫೀಸು ಕಟ್ಟಲಿಲ್ಲ. ಅಪ್ಪ ಹಸುವಿನ ಹಾಲು ಮಾರಿ ಕೊಟ್ಟ ದುಡ್ಡನ್ನು ಕಾಣಿಕೆಗೆ ಹಾಕಿದೆ. ಜನವರಿ ಬಂತು. ಫೆಬ್ರವರಿ ಬಂತು. ಒಂದು ವರ್ಷ ಹೋಯಿತು. ಅಪ್ಪ ಒಂದು ಮಾತೂ ಬೈಯಲಿಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ. ಆ ಬೋಧಕರು ಮತ್ತೆ ನಮ್ಮ ಊರಿಗೆ ಬಂದರು. ಆ ಮಾತನ್ನೇ ಎತ್ತಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಕಡೆಯವರು 1844ರ ಅಕ್ಟೋಬರ್ 22 ಎಂದು ಕಾದರು. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದ. ದಿನವೂ ಗಳಿಗೆಯೂ ತಂದೆಗೇ ಹೊರತು ಮಗನಿಗೂ ತಿಳಿಯದು ಎಂದು ಮಾರ್ಕ 13:32ರಲ್ಲಿ ಯೇಸುವೇ ಹೇಳಿದ್ದಾನೆ. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು?

ಅದಕ್ಕೆ ನನ್ನದೊಂದು ಕೋರಿಕೆ. ಬರೋಣವನ್ನು ಸಾರಿ, ತಾರೀಖನ್ನು ಸಾರಬೇಡಿ. ವಿಡಿಯೋ ತೋರಿಸಿ ಎದ್ದು ಹೋಗುವವರನ್ನು, "ಇವರ ಮನೆಗೆ ನಾಳೆ ಅಕ್ಕಿ ಯಾರು ತರುತ್ತಾರೆ?" ಎಂದು ಅಲ್ಲೇ ಕೇಳಿ.

ನಿವೃತ್ತ ಮೇಷ್ಟ್ರು, ಮೈಸೂರು

ನಿಮ್ಮ ಮಾತು ನನಗೆ ನಾಟಿತು. ರೋಮಿನಲ್ಲಿ ಶುರು ಮಾಡಬೇಕು ಎಂದೆ, ರೋಮಿನಲ್ಲೇ ಮುಗಿಸಬೇಕು ಎಂದಲ್ಲ. ಈ ಮೃಗಕ್ಕೆ ಹಲವರು ಇಡುವ ಹೆಸರು ‘ಕ್ರಿಸ್ತವಿರೋಧಿ’ ಎಂಬ ಮಾತು ಪ್ರಕಟನೆಯಲ್ಲಿ ಒಂದು ಸಲವೂ ಬರುವುದಿಲ್ಲ. ಅದು ಬರುವುದು ಯೋಹಾನನ ಪತ್ರಗಳಲ್ಲಿ, ಅಲ್ಲೂ "ಬಹು ಮಂದಿ" ಎಂದಿದೆ. ಬಡವನ ಅನ್ನ ಹಿಡಿದುಕೊಂಡು ತನಗೆ ಅಡ್ಡಬೀಳು ಎನ್ನುವ ಅಧಿಕಾರ ಎಲ್ಲಿದ್ದರೂ ಅಲ್ಲಿ ಮೃಗ ಇದೆ. ಮುಂದೆಯೂ ಬರಬಹುದು. ಕುರಿಮರಿ ಗೆಲ್ಲುತ್ತದೆ. ಇಷ್ಟರಲ್ಲಿ ನಾವಿಬ್ಬರೂ ಒಂದೇ.

ಲಷ್ಕರ್ ಮೊಹಲ್ಲಾ ಅಕ್ಕ, ಮೈಸೂರು

ನಾನು ಕಥೋಲಿಕಳು. ಬಲಿಪೂಜೆಯಲ್ಲಿ ವಾಚನ ಓದುತ್ತೇನೆ. ಮೇಷ್ಟ್ರು 7ನೇ ಅಧ್ಯಾಯ ಮೊದಲು ಎಂದದ್ದು ನೋಡಿ ಖುಷಿಯಾಯಿತು. ನಮ್ಮಲ್ಲಿ ನವೆಂಬರ್ 1, ಸಕಲ ಸಂತರ ಹಬ್ಬದ ಮೊದಲ ವಾಚನ ಅದೇ. ಯಾರಿಂದಲೂ ಎಣಿಸಲಾಗದ ಜನಜಂಗುಳಿ, ಬಿಳಿ ಬಟ್ಟೆ, ಕೈಯಲ್ಲಿ ಖರ್ಜೂರದ ಗರಿ. ಮಾರನೇ ದಿನ ನಾವೆಲ್ಲ ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚುತ್ತೇವೆ. ಚಿಕ್ಕಂದಿನಿಂದ ಈ ಪುಸ್ತಕ ನನಗೆ ಪರಿಚಯವಾದದ್ದೇ ಹಾಗೆ. ಇದು ಹೆದರಿಸುವ ಪುಸ್ತಕ ಎಂದು ದೊಡ್ಡವಳಾದ ಮೇಲೆ ಬೇರೆಯವರಿಂದ ಕೇಳಿದೆ.

ನಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದರು. ಅವರ ಮಣ್ಣಿನ ದಿನ ನಾನು 14:13 ಓದಿದೆ. ಕರ್ತನಲ್ಲಿ ಸಾಯುವವರು ಧನ್ಯರು, ಅವರು ತಮ್ಮ ದುಡಿಮೆಯಿಂದ ವಿಶ್ರಮಿಸಿಕೊಳ್ಳುತ್ತಾರೆ, ಅವರು ಮಾಡಿದ್ದು ಅವರ ಜೊತೆ ಬರುತ್ತದೆ ಎಂಬ ವಾಕ್ಯ. "ದುಡಿಮೆ" ಎಂಬಲ್ಲಿ ನನಗೆ ಗಂಟಲು ಕಟ್ಟಿತು. ಮೃಗದ ಗುರುತಿನ ಮಾತು ಮುಗಿದ ಎರಡನೇ ಸಾಲಿನಲ್ಲೇ ಇದು ಇದೆ, ನೋಡಿ.

ಇನ್ನೊಂದು. ಈ ಪುಸ್ತಕದ ತುಂಬ ಹಾಡುಗಳಿವೆ. 4, 5, 7, 11, 15, 19ನೇ ಅಧ್ಯಾಯಗಳಲ್ಲೆಲ್ಲ ಹಾಡುತ್ತಾರೆ. ಪ್ರಸಂಗದ ಮಧ್ಯೆ ನಿಮ್ಮ ಸಭೆಗೆ ಹಾಡಿಸಿ. ಬರೀ ವಿವರಿಸಿದರೆ ಅರ್ಧ ಪುಸ್ತಕ ಹೋದ ಹಾಗೆ.

ಅಜ್ಜಿಯ ಬೆರಳಿನ ವಿಷಯ. ನಮ್ಮ ಅಮ್ಮನಿಗೂ ಹೀಗೇ ಆಗುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಒಂದು ನಿಮಿಷ ಬಿಟ್ಟು ಒತ್ತಿಸಿದರೆ ಕೆಲವು ಸಲ ತಗೊಳ್ಳುತ್ತದೆ. ಹೆಬ್ಬೆರಳೇ ಆಗಬೇಕೆಂದಿಲ್ಲ, ಬೇರೆ ಬೆರಳೂ ಇಡಿಸಿ ನೋಡಿ. ಎಡಗೈ ಆದರೂ ನಡೆಯುತ್ತದೆ.

ಶಿಂಷಾ ದಂಡೆ, ಮದ್ದೂರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನಡೆದದ್ದನ್ನು ಹೇಳಬೇಕು.

ಪ್ರಸಂಗಕ್ಕೆ ಮೊದಲು ಶನಿವಾರ ಸಂಜೆ ಅಜ್ಜಿಯ ಮನೆಗೇ ಹೋದೆ. ನನ್ನ ಹೆಂಡತಿಯೂ ಬಂದಿದ್ದಳು. ಮೇಷ್ಟ್ರು ಹೇಳಿದ ಸಾಲಿನಲ್ಲೇ ಓದಿದೆ. 7 ಓದಿದೆ. 13 ಓದುವಾಗ ಅಜ್ಜಿ ಸೆರಗು ಬಿಗಿಯಾಗಿ ಹಿಡಿದುಕೊಂಡರು. ನಿಲ್ಲಿಸದೆ 14ರ ಮೊದಲ ಐದು ವಾಕ್ಯಕ್ಕೆ ಹೋದೆ. ಹಣೆಯ ಮೇಲೆ ಆತನ ಹೆಸರು ಎಂಬಲ್ಲಿ ಅವರೇ ಕೈ ಎತ್ತಿ ನಿಲ್ಲಿಸಿದರು.

"ಹಣೆಬರಾನಾ ಮಗಾ?"

ನನಗೆ ತಕ್ಷಣ ಮಾತು ಹೊರಡಲಿಲ್ಲ. ನಾವು ಹಣೆಬರಹ ಎಂದರೆ ಕಷ್ಟಕ್ಕೇ ಹೇಳುವುದು. ಗಂಡ ಹೋದ, ಹಣೆಬರಹ. ಬೆಳೆ ಒಣಗಿತು, ಹಣೆಬರಹ. ಇಲ್ಲಿ ಹಣೆಯಲ್ಲಿ ಬರೆದಿರುವುದು ಒಂದು ಹೆಸರು. ಹಾಗೆಂದೇ ಹೇಳಿದೆ. ನಿಮಗೆ ದೀಕ್ಷಾಸ್ನಾನ ಆದಾಗ ಅಯ್ಯನವರು ನೀರಿನಲ್ಲಿ ಹಣೆಗೆ ಶಿಲುಬೆ ಗುರುತು ಹಾಕಿದರಲ್ಲ ಅಜ್ಜಿ, ನೆನಪಿದೆಯಾ ಎಂದೆ. ಮಗುವಾಗಿದ್ದಾಗ ಆದದ್ದು, ಅವರಿಗೆ ಹೇಗೆ ನೆನಪಿರುತ್ತದೆ? ಆದರೆ ಅವರ ಅವ್ವ ಹೇಳಿದ್ದರಂತೆ, ನೀರು ಬಿದ್ದಾಗ ಕಿರುಚಿದ್ದೆ ಎಂದು. "ಹಂಗಾರೆ ಆಗ್ಲೇ ಬರ್ದಾಗದೆ" ಎಂದರು. ಆಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ನಾವೂ ಕೂತಿದ್ದೆವು.

ನಾನು ರೇಷನ್ ಮಾತು ಎತ್ತಲಿಲ್ಲ. ಬುಧವಾರ ಅವರೇ ಚೀಲ ಹಿಡಿದು ನಮ್ಮ ಅಂಗಡಿ ಮುಂದೆ ನಿಂತಿದ್ದರು. ಜೊತೆಗೆ ಹೋದೆ. ಮೈಸೂರಿನ ಅಕ್ಕ ಹೇಳಿದಂತೆ ಬೆರಳು ಒರೆಸಿದೆವು. ಹೆಬ್ಬೆರಳು ಎರಡು ಸಲ ಆಗಲಿಲ್ಲ. ಎಡಗೈಯ ಉಂಗುರದ ಬೆರಳು ತಗೊಂಡಿತು.

ಮೊದಲ ಭಾನುವಾರದ ಪ್ರಸಂಗ ಆಯಿತು. ನಾಣ್ಯದ ವಿಷಯ ಹೇಳುವಾಗ ಮಕ್ಕಳೂ ಕಿವಿ ಕೊಟ್ಟರು. ಕೆ.ಆರ್. ಪೇಟೆ ಬ್ರದರ್, "ಯೇಸುವೇ ಬಾ" ಎಂಬ ಮಾತಿನಲ್ಲೇ ಪ್ರಾರ್ಥನೆ ಮುಗಿಸಿದೆ. ಬಿಡಲಿಲ್ಲ. ನಿಮ್ಮ ಅಪ್ಪನ ಹಾಲಿನ ದುಡ್ಡಿನ ವಿಷಯವನ್ನು ಯಾರದೆಂದು ಹೇಳದೆ ಹೇಳಿದೆ. ತಪ್ಪಾಗಿದ್ದರೆ ಕ್ಷಮಿಸಿ.

ಎರಡನೆಯದಕ್ಕೆ 6ನೇ ಅಧ್ಯಾಯ ತೆಗೆದುಕೊಂಡಿದ್ದೇನೆ. ಕಪ್ಪು ಕುದುರೆ, ಸವಾರನ ಕೈಯಲ್ಲಿ ತಕ್ಕಡಿ. ಇದನ್ನು ಓದಿದಾಗ ಮೈ ಜುಮ್ಮೆಂದಿತು. ಒಂದು ದೆನಾರಿ ಎಂದರೆ ಒಂದು ದಿನದ ಕೂಲಿ. ಅದಕ್ಕೆ ಸಿಗುವುದು ಒಬ್ಬನ ಒಂದು ದಿನದ ಹೊಟ್ಟೆಗಾಗುವಷ್ಟು ಗೋಧಿ. ಮಾಮೂಲಿ ದರದ ಎಂಟರಿಂದ ಹದಿನಾರು ಪಟ್ಟು ಎಂದು ವ್ಯಾಖ್ಯಾನಗಳಲ್ಲಿ ಲೆಕ್ಕವಿದೆ. ಹೆಂಡತಿ ಮಕ್ಕಳಿಗೂ ಬೇಕಾದರೆ ಜವೆಗೋಧಿ ತಿನ್ನಬೇಕು. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಮಾತ್ರ ಮುಟ್ಟಬೇಡ ಎಂಬ ಅಪ್ಪಣೆ. 92ರ ಹೊತ್ತಿಗೆ ದೊಮಿತಿಯಾನ, ಕಾಳಿಗೆ ಬರ ಬಂತೆಂದು ಪ್ರಾಂತ್ಯಗಳ ದ್ರಾಕ್ಷಿ ತೋಟದಲ್ಲಿ ಅರ್ಧ ಕಡಿಸಲು ಆಜ್ಞೆ ಹೊರಡಿಸಿದ್ದನಂತೆ. ಕೊನೆಗೆ ಅದು ಜಾರಿಯಾಗಲಿಲ್ಲ. ದೊಡ್ಡವರ ತೋಟ ಉಳಿಯಿತು, ಕೂಲಿಯವನ ಕಾಳು ದುಬಾರಿಯೇ ಆಯಿತು. ಕಬ್ಬು, ಭತ್ತ, ರಾಗಿ ಮೂರನ್ನೂ ಕಂಡ ನಮ್ಮ ಊರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ಯಾವ ಪುಸ್ತಕಕ್ಕೆ ಹೆದರಿ ರೇಷನ್ ಬಿಟ್ಟರೋ ಅದೇ ಪುಸ್ತಕ ಕಾಳಿನ ದರ ಬರೆದಿಟ್ಟಿದೆ. ಬಡವರ ಅಡುಗೆಮನೆ ಗೊತ್ತಿದ್ದವನೇ ಅದನ್ನು ಬರೆದಿದ್ದಾನೆ.

ನಮ್ಮ ಅವ್ವನ ಹಿತ್ತಾಳೆ ಸೇರು ಅಟ್ಟದಲ್ಲಿತ್ತು. ಇಳಿಸಿ ಹುಣಸೆಹಣ್ಣಿನಲ್ಲಿ ಉಜ್ಜಿಟ್ಟಿದ್ದೇನೆ. ಭಾನುವಾರ ಅದರಲ್ಲಿ ಗೋಧಿ ಅಳೆದು ಪೀಠದ ಮೇಲೆ ಇಡುತ್ತೇನೆ. ಆ ವಾಕ್ಯದಲ್ಲಿ ಗೋಧಿಗೆ ಹೇಳಿರುವ ಗ್ರೀಕ್ ಅಳತೆ ಸುಮಾರು ಒಂದು ಲೀಟರ್ ಎಂದು ಓದಿದೆ. ಮೇಷ್ಟ್ರೇ, ನಮ್ಮ ಸೇರಿಗೆ ಹತ್ತಿರ ಎಂದು ಹೇಳಬಹುದಲ್ವಾ? ಶನಿವಾರದೊಳಗೆ ಒಂದು ಮಾತು ಬರೆಯಿರಿ.